ತಿಪ್ಪೆಯ ಮೇಲೆ ಎದ್ದ ಬಿಳಿ ಅಣಬೆ

ಬೆಳಿಗ್ಗೆ ಆರಕ್ಕೆ ಐದು ನಿಮಿಷ ಬಾಕಿ. ಶಾಲೆಗೆ ಕೆಲಸಕ್ಕೆ ಹೊರಡುವ ಮುನ್ನ ನಾನು ನೀರು ತುಂಬುತ್ತಿದ್ದೆ. ಹಿತ್ತಲಲ್ಲಿ ನನ್ನ ಗಂಡ ಬಸವರಾಜ ಗೋಡೆ ಹಿಡಿದು ವಾಂತಿ ಮಾಡಿಕೊಳ್ಳುವ ಸದ್ದು ಕೇಳಿತು.

ನಿಲ್ಲಲೇ ಇಲ್ಲ.

ಹಿಂದಿನ ರಾತ್ರಿ ಅವನು ಅಣಬೆ ಪಲ್ಯ ಉಂಡಿದ್ದ. ಶ್ರಾವಣದಲ್ಲಿ ನಮ್ಮಲ್ಲಿ ಮಾಂಸ ಮಾಡುವುದಿಲ್ಲ. "ಇದ ನಮ್ಮ ಶ್ರಾವಣದ ಮಟನ್" ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡಿದ್ದ. ಅತ್ತೆಗೆ ಆ ತಿಂಗಳು ಒಪ್ಪೊತ್ತು, ರಾತ್ರಿ ಉಣ್ಣುವುದಿಲ್ಲ. ನನಗೆ ಅಣಬೆಯ ವಾಸನೆ ಹಿಡಿಸದು. ಉಂಡವನು ಅವನೊಬ್ಬನೇ.

ಅಣಬೆ ಗೊತ್ತಿಲ್ಲದವನಲ್ಲ ಅವನು. ದೇವಾಪುರದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಚಿಪ್ಪಣಬೆ ಬೆಳೆಯುತ್ತಾನೆ. ಭತ್ತದ ಹುಲ್ಲು ಕತ್ತರಿಸಿ, ಬೇಯಿಸಿ, ಚೀಲದಲ್ಲಿ ಒಂದು ಪದರ ಹುಲ್ಲು, ಒಂದು ಪದರ ಬೀಜ ತುಂಬಿ ಕತ್ತಲಲ್ಲಿ ತೂಗುಹಾಕುತ್ತಾನೆ. ಸುರಪುರದ ಸಂತೆಯಲ್ಲಿ "ಬ್ಯಾಳಿಯಂಗ ತಾಕತ್ತ ಅದ ಯಕ್ಕಾ, ಹುಡುಗರಿಗೆ ಹಾಕ್ರಿ" ಎಂದು ಕೂಗಿ ಮಾರುತ್ತಾನೆ.

ಬೆಳೆ ಮುಗಿದ ಚೀಲಗಳ ಹುಲ್ಲನ್ನು ತಿಪ್ಪೆಗೆ ಸುರಿಯುವುದು ರೂಢಿ. ಮಳೆ ಬಿದ್ದ ಮೇಲೆ ಆ ಹುಲ್ಲಿನಲ್ಲಿ ಬಿಳಿ ಅಣಬೆಗಳೆದ್ದವು. ಚಿಪ್ಪಿನಂತೆ ಪಕ್ಕಕ್ಕೆ ಚಾಚಿರಲಿಲ್ಲ. ಕೊಡೆಯಂತೆ ನೆಟ್ಟಗೆ ನಿಂತಿದ್ದವು, ಕಾಂಡಕ್ಕೊಂದು ಉಂಗುರ.

"ಇವು ಬ್ಯಾರೆ ಕಾಣಾಕತ್ತಾವಲ್ಲೋ ಬಸ್ಯಾ" ಅಂದರು ಅತ್ತೆ.

"ಹುಲ್ಲ ನಂದು, ಬೀಜ ನಂದು. ಬ್ಯಾರೆ ಹೆಂಗ ಆಗ್ತಾವ ಯವ್ವಾ? ಬಿಸಲಿಗೆ ಬಂದಾವ, ಆಕಾರ ಬದಲಾಗ್ಯಾದ."

ಅತ್ತೆ ಬೇಯುವ ಪಲ್ಯಕ್ಕೆ ಒಂದು ಬೆಳ್ಳುಳ್ಳಿ ಎಸಳು ಹಾಕಿ ನೋಡಿದರು. ವಿಷವಿದ್ದರೆ ಅದು ಕಪ್ಪಾಗುತ್ತದಂತೆ. ಆಗಲಿಲ್ಲ. ಬಡಿಸಿದರು.

ವಾಂತಿ ಶುರುವಾದ ಬೆಳಿಗ್ಗೆಯೇ ಸುರಪುರದ ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿದರು. ಮರುದಿನ ವಾಂತಿ, ಭೇದಿ ಎರಡೂ ನಿಂತವು. ಗಂಜಿ ಕುಡಿದ. ಮುಖಕ್ಕೆ ಕಳೆ ಬಂತು. "ಡಿಸ್ಚಾರ್ಜ್ ಮಾಡ್ರಿ ಮೇಡಂ, ಶೆಡ್ಡಿನ್ಯಾಗ ಚೀಲ ಒಣಗಾಕತ್ತಾವ" ಎಂದು ಡ್ಯೂಟಿ ಡಾಕ್ಟರನ್ನು ಕಾಡಿದ. ನಾನು ಬಟ್ಟೆ ಮಡಚತೊಡಗಿದೆ.

ಡಾಕ್ಟರ್ ನನ್ನನ್ನು ಹೊರಗೆ ಕರೆದರು. "ಉಂಡು ಎಷ್ಟ ಹೊತ್ತಿಗೆ ವಾಂತಿ ಆತ್ರಿ?"

"ರಾತ್ರಿ ಉಂಡಾರ್ರಿ, ಬೆಳಗಾದ ಮ್ಯಾಲೆ ಆತು."

"ತಡಾ ಆಗಿ ಬರೋದ ನಮಗ ಹೆದರಿಕಿ. ಅಂಥ ಅಣಬಿ ಇದ್ರ ನಡುವ ಒಂದ್ ದಿನ ಆರಾಮ ಅನಸ್ತದ. ಆವಾಗ ಒಳಗ ಲಿವರ್ ಹಾಳಾಗ್ತಿರ್ತದ. ಲಿವರಿಂದು ರಕ್ತ ಪರೀಕ್ಷಾ, ಎಲ್‌ಎಫ್‌ಟಿ, ಮಾಡೋಣ."

ರಿಪೋರ್ಟ್ ನೋಡಿ ಅವರು ಮೊದಲು ಮಾತಾಡಿದ್ದು ನನ್ನೊಡನೆ ಅಲ್ಲ, ಆಂಬುಲೆನ್ಸಿನ ಡ್ರೈವರ್ ಜೊತೆ.

ಕಲಬುರಗಿಗೆ ಹೋಗುವ ದಾರಿ. ಅವನಿಗೆ ಏನೂ ಹೇಳಿರಲಿಲ್ಲ. ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಗುಡ್ಡ ಎದುರಾದಾಗ "ನನಕಿಂತ ಆರಾಮ ಮಲಗ್ಯಾನ ನೋಡು" ಎಂದು ನಕ್ಕ. ನಾನೂ ನಕ್ಕೆ. 

ಸಂಜೆಗೆ ಕಣ್ಣು ಹಳದಿಯಾಯಿತು.

ಐಸಿಯುವಿನಲ್ಲಿ ಅವನು ನನ್ನನ್ನು ಗುರುತಿಸಲಿಲ್ಲ. ರಕ್ತ ಹೆಪ್ಪುಗಟ್ಟುವ ಪರೀಕ್ಷೆಯ ಫಲಿತಾಂಶ ಸುಧಾರಿಸದಿದ್ದರೆ ಲಿವರ್ ಬದಲಿಸುವುದೊಂದೇ ದಾರಿ, ಅದೂ ಇಲ್ಲಿಲ್ಲ ಎಂದರು. ಒಮ್ಮೆ ಬೇಯಿಸಿದ ಹುಲ್ಲಾದರೂ ಬಯಲಿಗೆ ಬಿದ್ದರೆ ಅದರಲ್ಲಿ ಯಾವ ಕಾಡು ಅಣಬೆಯಾದರೂ ಬೇರೂರುತ್ತದೆ ಎಂದು ಅಲ್ಲೇ ತಿಳಿದದ್ದು. ಅತ್ತೆ ಕಾರಿಡಾರಿನ ನೆಲದ ಮೇಲೆ ಕುಳಿತು ಒಂದೇ ಮಾತು ಹೇಳುತ್ತಿದ್ದರು: "ಬಳ್ಳೊಳ್ಳಿ ಕರ್ರಗಾಗಲಿಲ್ಲಲ್ಲವ್ವಾ. ನಾ ನೋಡೀನಲ್ಲ." ನಾನು ಅವರ ಕೈ ಹಿಡಿದುಕೊಂಡೆ. 

ದಿನಗಳು ಕಳೆದಂತೆ, ಬದಲಿಸುವ ಮುನ್ನವೇ, ಲಿವರ್ ಚೇತರಿಸಿಕೊಂಡಿತು. ಔಷಧವೋ, ತಿಂದ ಪ್ರಮಾಣವೋ, ಡಾಕ್ಟರುಗಳೂ ಖಚಿತವಾಗಿ ಹೇಳಲಿಲ್ಲ. ಡಿಸ್ಚಾರ್ಜ್ ತಡೆದ ಆ ಮೇಡಂ ಇಲ್ಲದಿದ್ದರೆ ನಾನು ಬಟ್ಟೆ ಕಟ್ಟಿಕೊಂಡು ಅವನನ್ನು ಮನೆಗೆ ಕರೆತಂದಿರುತ್ತಿದ್ದೆ. ಅಷ್ಟು ಮಾತ್ರ ಖಚಿತ.

ಮನೆಗೆ ಬಂದ ಮೇಲೂ ನನ್ನನ್ನು ಕಾಡಿದ್ದು ಅವನ ಹಳದಿ ಕಣ್ಣಲ್ಲ. ಗಂಜಿ ಕುಡಿದ ಆ ದಿನದ ಗೆಲುವಾದ ಮುಖ. ಅವನು ಚೆನ್ನಾಗಿ ಉಂಡರೆ, ನಕ್ಕರೆ, ನನಗೆ ಹೆದರಿಕೆಯಾಗುತ್ತಿತ್ತು. ರಾತ್ರಿ ಎದ್ದೆದ್ದು ಮೊಬೈಲಿನ ಬೆಳಕಿನಲ್ಲಿ ಅವನನ್ನು ನೋಡುತ್ತಿದ್ದೆ.

ಮೊನ್ನೆ ಭಾನುವಾರ ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯ ಮೇಲಿತ್ತು. ರಾತ್ರಿ ಒಮ್ಮೆಯೂ ಎಚ್ಚರವಾಗಿರಲಿಲ್ಲ. ಗಾಬರಿಯಿಂದ ಪಕ್ಕಕ್ಕೆ ತಿರುಗಿದೆ.

"ಏನ್ ಗೊರಕಿ ಹೊಡದೀಯೇ ಮಾರಾಯ್ತಿ! ಅವ್ವ ಎರಡ್ ಸಲ ಬಂದ್ ನೋಡಿ ಹೋಗ್ಯಾಳ" ಎಂದು ಅವನು ನಗುತ್ತಿದ್ದ.

ಚೆನ್ನಾಗಿ ಕಾಣುತ್ತಿದ್ದ. ನಾನು ಹೆದರಲಿಲ್ಲ.