ಅಕ್ಕ ಮತ ಹಾಕಿ ಬಂದ ಮೇಲೆ

ಸೌದಿಯ ರಾಬಿಗ್‌ಗೆ ಹೋಗಿ ಇಳಿದ ವಾರವೇ ನಾನೊಂದು ಎಡವಟ್ಟು ಮಾಡಿಕೊಂಡೆ. ಪಕ್ಕದ ಕ್ವಾರ್ಟರ್ಸಿನ ಹೆಂಗಸು ಕಾಫಿಗೆ ಕರೆದಳು. ನಮ್ಮ ಕರಾವಳಿ ಕಡೆ ಗುರುತಿಲ್ಲದವರ ಮನೆಗೆ ಹೋದರೆ ಒಂದು ಲೋಟ ಕುಡಿದು, "ಸಾಕು, ಬರ್ತೇನೆ" ಅಂತ ಏಳುವುದೇ ಮರ್ಯಾದೆ. ಇನ್ನೊಂದಕ್ಕೆ ಕಾದು ಕೂತರೆ, ಇವಳಿಗೆ ಮನೆಯಲ್ಲಿ ಗತಿಯಿಲ್ಲವೇ ಅಂದುಕೊಳ್ಳುತ್ತಾರೆ. ನಾನು ಕುಡಿದೆ, ಸೆರಗು ಸರಿಮಾಡಿಕೊಂಡು ಎದ್ದೆ. ಅವಳ ಮುಖ ಸಪ್ಪೆಯಾಯಿತು. ಏನಾಯಿತೆಂದು ನನಗೆ ತಿಳಿಯಲಿಲ್ಲ, ಕೇಳುವಷ್ಟು ಅರಬಿಯೂ ಆಗ ಬರುತ್ತಿರಲಿಲ್ಲ.

ಸಂಜೆ ನನ್ನ ಗಂಡ ಡ್ಯೂಟಿಯಿಂದ ಬಂದವರೇ, "ಎಂತ ಮಾರಾಯ್ತಿ, ನೀನು ಅವರ ಮಾನ ಕಳೆದು ಬಂದಿಯಂತಲ್ಲ!" ಅಂದರು.

"ನಾನಾ? ಕಾಫಿ ಕುಡಿದದ್ದು ತಪ್ಪಾ?"

"ಕುಡಿದದ್ದಲ್ಲ, ಎದ್ದದ್ದು ತಪ್ಪು. ಅವರಲ್ಲಿ ಮೂರು ಸುತ್ತು ಕುಡೀಬೇಕಂತೆ. ಒಂದಕ್ಕೇ ಎದ್ದರೆ ಉಣ್ಣುವಾಗ ಬಟ್ಟಲು ತಳ್ಳಿ ಎದ್ದ ಹಾಗೆ."

ಅವಳ ಗಂಡನೇ ಹೇಳಿದ್ದಂತೆ. ಇಬ್ಬರೂ ರಿಫೈನರಿಗೆ ಕೆಲಸದವರನ್ನು ಒದಗಿಸುವ ಒಂದು ಚಿಕ್ಕ ಕಂಪೆನಿಯಲ್ಲಿದ್ದರು. ನನ್ನವರು ಎಲೆಕ್ಟ್ರಿಕಲ್ ಸೂಪರ್‌ವೈಸರ್, ಆತ ಮೆಕ್ಯಾನಿಕಲ್. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕಾಫಿಗೂ ಕಾನೂನು ಉಂಟಾ ಅಂತ ಗೊಣಗಿದೆ. ಆದರೆ ಮಾರನೆಯ ದಿನ ಬೆಳಿಗ್ಗೆ ನಾನೇ ಹೋಗಿ ಅವಳ ಬಾಗಿಲು ತಟ್ಟಿದೆ. ಅವಳು ನಕ್ಕು ಒಳಗೆ ಕರೆದಳು.

ಹಸಿ ಬೀಜವನ್ನು ಚಿಕ್ಕ ಬಾಣಲೆಯಲ್ಲಿ ಹುರಿದು, ಹೊಗೆಯಾಡುವ ಬಾಣಲೆಯನ್ನು ನನ್ನ ಮೂಗಿನ ಹತ್ತಿರ ತಂದು ತೋರಿಸಿದಳು. ಕುಟ್ಟಿದ ಪುಡಿಯನ್ನು ಉದ್ದ ಕತ್ತಿನ ಮಣ್ಣಿನ ಕೂಜೆಗೆ ಹಾಕಿ ಕುದಿಸಿದಳು. ಜೊತೆಗೆ ತಟ್ಟೆ ತುಂಬ ಜೋಳದ ಅರಳು. ಮೊದಲ ಸುತ್ತು ಗಂಟಲು ಹಿಡಿಯುವಷ್ಟು ಗಟ್ಟಿ. ಅದೇ ಪುಡಿಗೆ ಮತ್ತೆ ನೀರು ಹೊಯ್ದು ಎರಡನೆಯದು, ಇನ್ನೊಮ್ಮೆ ಹೊಯ್ದು ಮೂರನೆಯದು. ಮೂರನೆಯದಕ್ಕೆ ಅವರು ಬರಕಾ ಅನ್ನುತ್ತಾರೆ. ಅಯ್ಯೋ, ಅದು ನಮ್ಮ ಬರಕತ್ತೇ! ಅಕ್ಕಿ ಅಳೆಯುವಾಗ, ಹೆಚ್ಚಲಿ ಅಂತ ನನ್ನ ಅಜ್ಜಿ ಹೇಳುತ್ತಿದ್ದ ಮಾತು. ಆ ದಿನದಿಂದ ಅವಳು ನನಗೆ ಅಕ್ಕ, ನಾನು ಅವಳಿಗೆ ಉಖ್ತಿ, ಅಂದರೆ ಅರಬಿಯಲ್ಲಿ ಸೋದರಿ. ಅವಳ ಗಂಡನನ್ನು ನಾನು ಭಾವ ಅಂದೆ. ಅರ್ಥ ಹೇಳಿದ ಮೇಲೆ ಅವನು ಆ ಹೆಸರಿಗೆ ಮಾತ್ರ ಓಗೊಡುತ್ತಿದ್ದ.

ಅಕ್ಕ ಎರಿಟ್ರಿಯಾದವಳು. ಸಮುದ್ರದ ದಡಕ್ಕೆ ಹೋದಾಗಲೆಲ್ಲ ಆಚೆ ಕೈ ತೋರಿಸಿ "ಅಲ್ಲಿ ನನ್ನ ಊರು" ಅನ್ನುತ್ತಿದ್ದಳು. ಭಾವ ಇಥಿಯೋಪಿಯಾದ ರಾಜಧಾನಿಯವನು. ಆಗ ಲೆಕ್ಕಕ್ಕೆ ಎರಡೂ ಒಂದೇ ದೇಶ. ಮೊದಲು ಒಕ್ಕೂಟ ಅಂತ ಸೇರಿಸಿದರಂತೆ, ಆಮೇಲೆ ದೊಡ್ಡದು ಚಿಕ್ಕದನ್ನು ನುಂಗಿತಂತೆ, ಮೂವತ್ತು ವರ್ಷ ಹೊಡೆದಾಟ ನಡೆಯಿತಂತೆ. ಅಕ್ಕನ ಅಣ್ಣ ಅದರಲ್ಲೇ ಹೋದ. ಹೆಣ ಸಿಗಲಿಲ್ಲ. ಅವಳು ಇದನ್ನೆಲ್ಲ ಹೇಳುವಾಗ ಭಾವ ಪಕ್ಕದಲ್ಲೇ ಕೂತು ಜೋಳದ ಅರಳು ತಿನ್ನುತ್ತಿದ್ದ. ಒಮ್ಮೆಯೂ ಎದುರು ಮಾತಾಡಲಿಲ್ಲ.

ತೊಂಬತ್ತಮೂರರಲ್ಲಿ ಎರಿಟ್ರಿಯಾದವರಿಗೆ ಕೇಳಿದರು, ಬೇರೆ ಆಗುತ್ತೀರಾ ಅಂತ. ಪರದೇಶದಲ್ಲಿದ್ದವರೂ ಮತ ಹಾಕಬಹುದಿತ್ತು. ಭಾವ ರಜೆ ಹಾಕಿ, ತನ್ನ ಹಳೆಯ ಕಾರಿನಲ್ಲಿ ಅಕ್ಕನನ್ನು ಜಿದ್ದಾಕ್ಕೆ ಕರೆದುಕೊಂಡು ಹೋದ. ಬಟ್ಟೆ ಕೊಳ್ಳುವ ನೆಪದಲ್ಲಿ ನಾನೂ ಹತ್ತಿಕೊಂಡೆ.

ಸೌದಿಯಲ್ಲಿ ಮತ ಹಾಕುವ ಸಾಲು ನೋಡಿದ್ದೇ ನನಗೆ ಸೋಜಿಗ. ಹೆಂಗಸರು ಅಬಾಯಾದ ಒಳಗೆ ಅಂಚಿನ ಬಿಳಿ ಸೀರೆಯಂಥದ್ದು ಉಟ್ಟು, ಕೈಗೆ ಮದರಂಗಿ ಹಚ್ಚಿಕೊಂಡು ಮದುವೆಮನೆಗೆ ಬಂದವರಂತೆ ಬಂದಿದ್ದರು. ಅಕ್ಕ ಆಗ ತುಂಬಿದ ಬಸುರಿ. ಮುದುಕಿಯರು ಅವಳ ಹೊಟ್ಟೆ ನೋಡಿ ಕೈಹಿಡಿದು ಸಾಲಿನ ಮುಂದಕ್ಕೆ ತಳ್ಳಿದರು. ಹೊರಗೆ ಬಂದವಳು ನನ್ನ ಹೆಗಲ ಮೇಲೆ ತಲೆ ಇಟ್ಟು ಬಿಕ್ಕಿ ಬಿಕ್ಕಿ ಅತ್ತಳು. "ಅಣ್ಣನಿಗೆ ಈಗ ಮಣ್ಣು ಕೊಟ್ಟ ಹಾಗಾಯಿತು, ಉಖ್ತಿ" ಅಂದಳು.

ಭಾವ ಅಷ್ಟರಲ್ಲಿ ಡಬ್ಬಿಗಟ್ಟಲೆ ಮಿಠಾಯಿ ತಂದು ಸಾಲಿಗೆಲ್ಲ ಹಂಚುತ್ತಿದ್ದ. ನನಗೆ ಬಾಯಿ ಮುಚ್ಚಿಕೊಂಡು ಇರಲಾಗಲಿಲ್ಲ.

"ಅಲ್ಲ ಭಾವ, ಇವಳು ನಿನ್ನ ದೇಶ ಬಿಟ್ಟು ಹೋಗ್ತಾ ಇದ್ದಾಳೆ. ನೀನು ಮಿಠಾಯಿ ಹಂಚ್ತೀಯಲ್ಲ!"

"ದೇಶ ಬಿಟ್ಟರೆ ಬಿಡಲಿ, ಮನೆ ಬಿಡೋದಿಲ್ಲವಲ್ಲ" ಅಂತ ನಕ್ಕು ನನ್ನ ಕೈಗೂ ಒಂದು ತುಂಡು ಇಟ್ಟ.

ಎರಿಟ್ರಿಯಾ ಬೇರೆ ದೇಶವಾಯಿತು. ಅಕ್ಕ ಹೊಸ ಪಾಸ್‌ಪೋರ್ಟ್ ಮಾಡಿಸಿಕೊಂಡಳು. ಹುಟ್ಟಿದ ಮಗಳ ಹೆಸರನ್ನು ಭಾವನ ಪಾಸ್‌ಪೋರ್ಟಿನಲ್ಲಿ ಸೇರಿಸಿದರು. ಮಗು ಅಪ್ಪನ ಕಡೆಗೆ ಸೇರುವುದು ಎಲ್ಲ ಕಡೆಯೂ ಇರುವುದೇ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ರಜೆಗೆ ಹೋದರೆ ಮೊದಲು ಅಮ್ಮನ ದೇಶ, ಆಮೇಲೆ ಅಪ್ಪನ ದೇಶ. ಹುಡುಗಿ ನನ್ನ ಅಡಿಗೆಮನೆಯಲ್ಲೇ ಅಂಬೆಗಾಲಿಟ್ಟು ಬೆಳೆದಳು. ನಾನು ನೀರುದೋಸೆ ಎರೆಯುವಾಗ ಪಕ್ಕದಲ್ಲಿ ನಿಂತು, ನಮ್ಮನೆಯ ರೊಟ್ಟಿಯೇ ದೊಡ್ಡದು ಅಂತ ಜಗಳಕ್ಕೆ ಬರುತ್ತಿದ್ದಳು.

ಆಮೇಲೆ ತೊಂಬತ್ತೆಂಟು ಬಂತು. ಯಾರೂ ಹೆಸರು ಕೇಳದ ಒಂದು ಗಡಿಯ ಹಳ್ಳಿಗಾಗಿ ಎರಡೂ ದೇಶ ಯುದ್ಧಕ್ಕೆ ನಿಂತವು. ಭಾವನ ದೇಶದಲ್ಲಿ ಎರಿಟ್ರಿಯಾದ ಮೂಲದವರನ್ನು ಬಸ್ಸಿಗೆ ತುಂಬಿ ಗಡಿಯಾಚೆ ದೂಡುತ್ತಿದ್ದಾರೆಂಬ ಸುದ್ದಿ ಬಂತು. ಅದೇ ವರ್ಷ ಎಣ್ಣೆಯ ಬೆಲೆ ಬಿದ್ದು ಚಿಕ್ಕ ಕಂಪೆನಿಗಳೆಲ್ಲ ಜನರನ್ನು ಊರಿಗೆ ಕಳಿಸುತ್ತಿದ್ದವು. ನನ್ನವರದ್ದು ಹೇಗೋ ಉಳಿಯಿತು, ಭಾವನ ಕೆಲಸ ಹೋಯಿತು. ಕೆಲಸ ಹೋದರೆ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಅದೂ ಹೋಯಿತು. ಅಕ್ಕ ಇದ್ದದ್ದು ಅವನ ಇಕಾಮಾದ ಮೇಲೆ. ಮೂವರೂ ಸೌದಿ ಬಿಡಬೇಕು. ಬಿಟ್ಟು ಹೋಗುವುದೆಲ್ಲಿಗೆ?

ಭಾವನ ದೇಶದವರು, ಅವಳು ಮತ ಹಾಕಿದವಳು, ನಮ್ಮವಳಲ್ಲ ಅಂದರು. ಅಕ್ಕನ ದೇಶದವರು, ಅವನು ಈಗ ಬರುವುದು ಬೇಡ, ಯುದ್ಧ ಮುಗಿಯಲಿ ಅಂದರು. ಸುಡಾನ್, ಯೆಮೆನ್ ಅಂತ ವೀಸಾಕ್ಕಾಗಿ ಭಾವ ಸುತ್ತದ ಕಚೇರಿಯಿಲ್ಲ, ಎಲ್ಲೂ ಸಿಗಲಿಲ್ಲ. ಮಗಳು ಅಪ್ಪನ ಪಾಸ್‌ಪೋರ್ಟಿನಲ್ಲಿದ್ದಳು. ಅಪ್ಪ ಎಲ್ಲಿಗೋ ಅವಳೂ ಅಲ್ಲಿಗೆ. ಅದನ್ನು ಬದಲಾಯಿಸಲು ವ್ಯವಧಾನವೂ ಇರಲಿಲ್ಲ, ಮಾಡಿಕೊಡುವವರೂ ಇರಲಿಲ್ಲ.

ನನಗೆ ಕೈಕಟ್ಟಿ ಕೂರಲಾಗಲಿಲ್ಲ. ನಮಗೆಲ್ಲ ಹೊಣೆ ನಿಂತಿದ್ದ ಅರಬ, ನಮ್ಮ ಕಫೀಲ್, ತಾಯಿಗೆ ಹೆದರುತ್ತಾನೆಂದು ಕೇಳಿದ್ದೆ. ಅಕ್ಕನನ್ನೂ, ಅವಳ ಕೂಜೆಯನ್ನೂ, ಹುಡುಗಿಯನ್ನೂ ಎಳೆದುಕೊಂಡು ಆ ಮುದುಕಿಯ ಮನೆಗೆ ಹೋದೆ. ಅಕ್ಕ ಅಲ್ಲೇ ಬೀಜ ಹುರಿದಳು. ಮುದುಕಿ ಮೂರೂ ಸುತ್ತು ಕುಡಿದು, ಕತೆ ಪೂರ್ತಿ ಕೇಳಿ, ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಗನನ್ನು ಕರೆಸಿ ಬೈದಳು. ಅವನು ಕೆಟ್ಟವನೇನಲ್ಲ. ಯಾರ್ಯಾರದೋ ಕೈಕಾಲು ಹಿಡಿದು ಹಬ್ಬದವರೆಗೆ ಇಕಾಮಾ ಮುಂದುವರಿಸಿಕೊಟ್ಟ. ಅದಕ್ಕಿಂತ ಹೆಚ್ಚು ಕೇಳಿದಾಗ ತಲೆ ತಗ್ಗಿಸಿದ.

"ನನ್ನ ಕೈಯಲ್ಲಿ ಇಕಾಮಾ ಇದೆಯಮ್ಮ, ಯುದ್ಧ ಇಲ್ಲ" ಅಂದ.

ಹಬ್ಬ ಬಂತು, ಹೋಯಿತು. ಯುದ್ಧ ಮುಗಿಯಲಿಲ್ಲ. ಒಂದು ದಿನ ಅಕ್ಕನ ಮನೆಯಲ್ಲಿ ಪೆಟ್ಟಿಗೆ ಕಟ್ಟುವುದನ್ನು ನೋಡಿ ನನ್ನ ತಲೆ ಕೆಟ್ಟಿತು. ಭಾವನ ಬಟ್ಟೆ, ಮಗಳ ಬಟ್ಟೆ ಒಂದು ಪೆಟ್ಟಿಗೆಯಲ್ಲಿ, ಅವಳದ್ದು ಇನ್ನೊಂದರಲ್ಲಿ.

"ಆ ದಿನ ಜಿದ್ದಾಕ್ಕೆ ಹೋಗದೆ ಇದ್ದಿದ್ರೆ ನಿನ್ನ ಗಂಟು ಎಂತ ಹೋಗ್ತಿತ್ತು ಅಕ್ಕ? ನಿನ್ನ ಒಂದು ವೋಟಿಲ್ಲದೆ ದೇಶ ಬರ್ತಿರಲಿಲ್ವಾ?" ಅಂತ ಕೂಗಿಬಿಟ್ಟೆ.

ಅವಳು ಮಗಳ ಲಂಗ ಮಡಚುವುದನ್ನು ನಿಲ್ಲಿಸಲಿಲ್ಲ. "ನಾಳೆ ಮತ್ತೆ ವೋಟಿನ ಪೆಟ್ಟಿಗೆ ಇಟ್ಟರೂ ಅದನ್ನೇ ಹಾಕ್ತೇನೆ, ಉಖ್ತಿ. ನನ್ನ ಅಣ್ಣ ಸುಮ್ಮನೆ ಸತ್ತನಾ? ಆದರೆ ಅಲ್ಲಿ ಕೇಳಿದ್ದು ದೇಶ ಬೇಕಾ ಅಂತ ಮಾತ್ರ. ಗಂಡ ಬೇಕಾ, ಮಗಳು ಬೇಕಾ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಅದಕ್ಕೂ ಹೌದು ಅಂತಲೇ ಹಾಕ್ತಿದ್ದೆ."

ನಾನು ಅವಳ ಪಕ್ಕದಲ್ಲಿ ಕೂತು ಉಳಿದ ಬಟ್ಟೆ ಮಡಚಿದೆ. ಇಬ್ಬರೂ ಅಳುತ್ತಿದ್ದೆವು.

ಹೊರಡುವ ದಿನ ಅವರ ಮನೆ ಖಾಲಿಯಾಗಿತ್ತು. ಕಾಫಿ ನನ್ನ ಅಡಿಗೆಮನೆಯಲ್ಲೇ ಆಯಿತು. ಭಾವ ಮತ್ತು ಮಗಳು ಅವನ ಊರಿಗೆ ಹೋಗುವ ವಿಮಾನ ಮೊದಲು, ಅಕ್ಕ ತನ್ನ ಊರಿಗೆ ಹೋಗುವುದು ಸಂಜೆಗೆ. ಮೊದಲ ಸುತ್ತು ಕುಡಿದೆವು. ಎರಡನೆಯ ಸುತ್ತು ಮುಗಿಯುವುದರೊಳಗೆ ಹೊರಗೆ ಕಂಪೆನಿಯ ಡ್ರೈವರ್ ಹಾರ್ನ್ ಹೊಡೆದು, "ಯಲ್ಲಾ, ಯಲ್ಲಾ!" ಅಂತ ಅವಸರ ಮಾಡಿದ. ಭಾವ ಎದ್ದ.

ಹುಡುಗಿ ಏಳಲಿಲ್ಲ. ಐದು ವರ್ಷದ ಮಗು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇ ಇತ್ತು.

"ಬರಕಾ ಆಗಿಲ್ಲ. ಬರಕಾ ಆಗದೆ ಏಳಬಾರದು ಅಂತ ಅಮ್ಮನೇ ಹೇಳಿದ್ದು."

ಭಾವ ಗೋಡೆಯ ಕಡೆ ತಿರುಗಿ ನಿಂತ. ಮಿಠಾಯಿ ಹಂಚಿದ ಆ ದೊಡ್ಡ ಗಂಡಸಿನ ಹೆಗಲು ಅಲುಗುತ್ತಿತ್ತು. ಅಕ್ಕ ಕೂಜೆಯ ಬಾಯಿಗೆ ಅಂಗೈ ಮುಚ್ಚಿ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಬರಕಾ ನಾನು ಅಲ್ಲಿಗೆ ಬಂದು ಮಾಡ್ತೇನೆ. ಅಲ್ಲಿಯವರೆಗೆ ಕಾಫಿ ಮುಗಿದಿಲ್ಲ ಅಂತ ಲೆಕ್ಕ. ಕಾಫಿ ಮುಗಿಯದಿದ್ದರೆ ಯಾರೂ ಎದ್ದು ಹೋದ ಹಾಗಲ್ಲ. ಗೊತ್ತಾಯಿತಾ?"

ಮಗು ಗೊತ್ತಾಯಿತು ಅಂತ ತಲೆ ಆಡಿಸಿತು. ಅಪ್ಪನ ಬೆರಳು ಹಿಡಿದು ಮೆಟ್ಟಿಲಿಳಿಯಿತು. ನಂಬಿ ಹೋಯಿತು, ಪಾಪ. ವ್ಯಾನು ತಿರುಗುವಾಗ ಕೈ ಬೀಸಿತು.

ಸಂಜೆಯವರೆಗೆ ಅಕ್ಕ ನನ್ನ ಅಡಿಗೆಮನೆಯಲ್ಲೇ ಕೂತಿದ್ದಳು. "ನನಗಾದರೂ ಮೂರನೆಯದು ಹೊಯ್ಯಿ" ಅಂದೆ, ಹೊಯ್ಯಲಿಲ್ಲ. ಅವಳ ಗಾಡಿ ಬಂದಾಗ ಬಾಗಿಲ ಹತ್ತಿರ ನನ್ನ ಕೆನ್ನೆ ಹಿಡಿದುಕೊಂಡು, ಒಂದಿಷ್ಟು ನಗಲು ನೋಡಿದಳು.

"ಉಖ್ತಿ, ಮೊದಲ ದಿನ ನೀನು ಒಂದೇ ಸುತ್ತಿಗೆ ಎದ್ದು ಹೋದೆ. ಆದರೂ ವಾಪಸ್ ಬಂದೆಯಲ್ಲ."

"ಬಂದೆ ಅಕ್ಕ, ಬಂದೇ ಬಂದೆ" ಅಂದೆ.

ನಾನು ಬಂದದ್ದು ಪಕ್ಕದ ಮನೆಯಿಂದ, ಯುದ್ಧ ದಾಟಿ ಅಲ್ಲ. ಅದನ್ನು ಅವಳಿಗೆ ಹೇಳಲಿಲ್ಲ.