ಚಿಲಕವಿಲ್ಲದ ವೈಫೈ

೧೯೯೩ರ ಭೂಕಂಪದ ನಂತರ ಕಟ್ಟಿದ, ಗಡಿಯಾಚೆಯ ಸಾಸ್ತೂರಿನ ಕಾಲನಿಯಲ್ಲಿ ಇಂದಿಗೂ ಕೆಲವರು ಮಲಗುವಾಗ ಬಾಗಿಲಿಗೆ ಚಿಲಕ ಹಾಕುವುದಿಲ್ಲ. ಅಂದು ಚಿಲಕ ತೆಗೆಯುವಷ್ಟು ಹೊತ್ತೂ ಸಿಗದೆ ಹೋದವರ ನೆನಪು ಅದು. ಭಾಲ್ಕಿಯಿಂದ ಸೊಸೆಯಾಗಿ ಬಂದ ಶಿವಗಂಗಾಬಾಯಿ ಇದನ್ನು ಅತ್ತೆಯಿಂದ ಕಲಿತಳು. ಬ್ಲೌಸ್ ಹೊಲಿಯುವವಳು, ಹೊಸ ಡಿಸೈನು ನೋಡಲು ವೈಫೈ ಹಾಕಿಸಿದಾಗ ಅದಕ್ಕೂ ಚಿಲಕ ಬೇಡವೆಂದಳು. ಪಾಸ್‌ವರ್ಡ್ ಇಲ್ಲ, ಹೀಗಾಗಿ ಓಣಿಯೆಲ್ಲ ಪರೀಕ್ಷೆ ಬರೆಯದೇ ಪಾಸು. ನೆಟ್ ಬಂದ ಮೇಲೆ ಯಾರ ಕತ್ತೂ ನೆಟ್ಟಗಿರಲಿಲ್ಲ. ಅವಳ ಕಟ್ಟೆಯ ಮೇಲೆ ಸೋಯಾಬೀನ್ ದರ ನೋಡುವವರೆಷ್ಟು, ಧಾರಾವಾಹಿ ನೋಡುವವರೆಷ್ಟು! ಅವಳ ಡಿಸೈನು ಮಾತ್ರ ಲೋಡಾಗುತ್ತ ಅರ್ಧ ತೋಳಿಗೇ ಬಂದು ನಿಲ್ಲುತ್ತಿತ್ತು.

ಒಂದು ಮಧ್ಯಾಹ್ನ ಪೊಲೀಸ್ ಜಮಾದಾರ ಬಂದ. ಹಿಂದಿನ ವಾರ ಯಾರೋ ಹೆಸರಿಲ್ಲದೆ ‘ಇಂದು ದೊಡ್ಡ ಭೂಕಂಪ, ಹೊರಗೆ ಬನ್ನಿ’ ಎಂದು ಫೇಸ್‌ಬುಕ್ಕಿನಲ್ಲಿ ಹಾಕಿದ್ದರು. ಗುಂಜೋಟಿ ಊರಿನವರೆಗೂ ಮಂದಿ ಹಾಸಿಗೆ ಹೊತ್ತು ಹೊಲಕ್ಕೆ ಓಡಿದ್ದರು. ಮುದುಕಿಯೊಬ್ಬಳು ಬಿದ್ದು ಕಾಲು ಮುರಿದುಕೊಂಡಿದ್ದಳು. ಹುಡುಕಿದರೆ ಅದು ಹೋದದ್ದು ಶಿವಗಂಗಾಬಾಯಿಯ ವೈಫೈಯಿಂದ.

"ನಾಳಿಗಿ ಉಮರ್ಗಾ ಠಾಣೇಕ್ಕ ಬರ್ರಿ ಬಾಯಿ. ಅದನ್ನ ಹಾಕಿದಂವನ ಹೆಸರು ಹೇಳ್ರಿ, ಇಲ್ಲಾಂದ್ರ ಕೇಸ್ ನಿಮ್ಮ ಮ್ಯಾಲ."

ಜಮಾದಾರ ಹೋದದ್ದೇ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಕಟ್ಟೆಗೆ ಬಂದಳು. "ಯಾರ್ರೀ ಅಂವಾ, ನನ್ನ ನೆಟ್ ತಿಂದು ನನ್ನ ಬಾಯಿಗೇ ಮಣ್ಣ ಹಾಕಿದಂವಾ?"

ಯಾರೂ ತಲೆ ಎತ್ತಲಿಲ್ಲ. ಅವಳು ಒಳಗೆ ಹೋಗಿ ವೈಫೈ ಡಬ್ಬಿಯ ವಾಯರು ಕಿತ್ತಳು. ಎಲ್ಲರೂ ತಲೆ ಎತ್ತಿದರು.

"ಅಗ ಬಾಯಿ, ಕಾಯ್ ಝಾಲಂ? ಏನಾತಽ?" ಎದುರುಮನೆಯ ಕುಸುಮಬಾಯಿ ಚೀರಿದಳು. "ಸೀರಿಯಲ್‌ದಾಗ ಆಕಿ ವಿಷಾ ಕುಡಿಯಾಕಿ ಇದ್ಲು!"

"ನಾ ಜೈಲಿಗಿ ಹೊಂಟೀನಿ, ನಿನಗ ಆಕೀದು ಚಿಂತಿ!"

ಪಕ್ಕದ ಮನೆಯ ಹಿರಿಯ ಮನ್ಮಥಪ್ಪ, ಶಿವಪೂಜೆಯಾಗದೆ ನೀರೂ ಮುಟ್ಟದವರು, ಮೆಲ್ಲಗೆ ಕೆಮ್ಮಿದರು. "ಗಂಗವ್ವಾ, ಅದು ನಾನಽ. ಗ್ವಾಡಿ ಮಾಡದಾಗಿನ ತಂಬಗಿ ಗಡಗಡ ನಡಗಿದ್ವು. ಸಣ್ಣದು ಬಂದದ, ಇನ್ನ ದೊಡ್ಡದು ಬರ್ತದಂತ ಎಲ್ಲಾರಿಗಿ ತಿಳಿಸ್ದೆ."

"ಹೆಸರು ಯಾಕ ಹಾಕಲಿಲ್ಲ?"

"ಪುಣ್ಯೇದ ಕೆಲಸಕ್ಕ ಹೆಸರು ಹಾಕಬಾರದವ್ವಾ."

ಅವಳು ಹಣೆ ಬಡಿದುಕೊಂಡಳು. "ಕಾಕಾ, ಅವತ್ತು ನಿಮ್ಮ ಹಿತ್ತಲದಾಗ ಬೋರ್ ಹೊಡಸ್ಲತ್ತಿದ್ದು ನಿಮ್ಮ ಮಗ ಬಸವಕುಮಾರನಽ ಅಲ್ರಿ! ತಂಬಗಿ ನಡಗಿದ್ದು ಅದಕ್ಕಽ!"

ಮರುದಿನ ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಉಮರ್ಗಾಕ್ಕೆ ಹೋದಳು. ಜಮಾದಾರ ಬೋರಿನ ಕತೆಯನ್ನು ಎರಡು ಸಲ ಕೇಳಿ, ಮುದುಕರಿಗೆ ತಾಕೀತು ಮಾಡಿ, ಅವಳಿಗೆ ಪಾಸ್‌ವರ್ಡ್ ಹಾಕಲು ಹೇಳಿ ಕಳಿಸಿದ.

ಹಾಕಿದಳು. ಸಂಜೆಗೆ ಇಡೀ ಓಣಿ ಮೊಬೈಲು ಹಿಡಿದು ಬಾಗಿಲಲ್ಲಿತ್ತು. "ಒಬ್ಬೊಬ್ಬರೇ ಬರ್ರಿ, ನಾನಽ ಒತ್ತಿ ಕೊಡ್ತೀನಿ. ಯಾರ್ಯಾರು ಅಂತ ನನಗ ಗೊತ್ತಿರ್ಲಿ." ಒಲೆಯ ಮೇಲೆ ಬೇಳೆ ಸೀಯುತ್ತಿತ್ತು. ಕೊನೆಗೆ ಮನ್ಮಥಪ್ಪ ಬಂದರು.

"ನಿಮಗ ಬ್ಯಾಡ ಕಾಕಾ."

"ಮತ್ತ ಖರೇನಽ ಭೂಮಿ ನಡಗಿದ್ರ?"

ಅವಳು ಮೊಬೈಲು ಕಸಿದುಕೊಂಡು ಒತ್ತಿ ಕೊಟ್ಟಳು. "ಏನಽ ಕಳಸೋದಿದ್ರೂ ಮೊದಲ ನನಗ ತೋರಸ್ರಿ."

ಮುದುಕರು ಮಾತಿಗೆ ತಪ್ಪುವವರಲ್ಲ. ಈಗ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ‘ಶುಭೋದಯ’ಗಳನ್ನೆಲ್ಲ ಒಂದೊಂದಾಗಿ ತೋರಿಸಲು ಬರುತ್ತಾರೆ. ಹೊಲಿಗೆ ಯಂತ್ರ ನಿಲ್ಲಿಸಿ, ತುಟಿಯಲ್ಲಿ ಸೂಜಿ ಕಚ್ಚಿಕೊಂಡೇ ಅವಳು ಗೊಣಗುತ್ತಾಳೆ: "ಹ್ಞೂಂ, ಕಳಸ್ರಿ."