ತಲಪರಿಗೆಗೆ ಬಿದ್ದ ಸಿಮೆಂಟು

ನಾಗಸಂದ್ರಕ್ಕೆ ಮೆಟ್ರೋ ಬಂದ ವರ್ಷ. ನಮ್ಮ ಯಜಮಾನರು ಆಗಲೇ ರಿಟೈರ್ ಆಗಿದ್ದರು, ಆರ್.ಟಿ. ನಗರದ ಮನೆಯಲ್ಲಿ ರಿಪೇರಿ ಮಾಡಲು ಇನ್ನೇನೂ ಉಳಿದಿರಲಿಲ್ಲ. ಹಾಗಾಗಿ ಅವರ ಕಣ್ಣು ಯಲಹಂಕದ ಆಚೆ, ತಮ್ಮ ಹುಟ್ಟೂರಿನ ತಲಪರಿಗೆಯ, ಅಂದರೆ ನೆಲದಿಂದ ತಾನಾಗಿ ಉಕ್ಕುವ ಒರತೆಯ, ಮೇಲೆ ಬಿತ್ತು.

ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು 'ಸ್ಪ್ರಿಂಗ್' ಎಂದಾಗಲೆಲ್ಲ ನಾನು ಬೆಟ್ಟದಿಂದ ಬೆಳ್ಳಗೆ ಧುಮುಕುವ ನೀರನ್ನು ಕಲ್ಪಿಸಿಕೊಳ್ಳುತ್ತಿದ್ದೆ. ಮದುವೆಯಾಗಿ ಬಂದು ನೋಡಿದರೆ, ಒಣ ಬಯಲಿನ ನಡುವೆ ಮೊಣಕಾಲುದ್ದದ ಮರಳು ಗುಂಡಿ! ತಳದಿಂದ ನೀರು ಸದ್ದಿಲ್ಲದೆ ಒಸರುತ್ತಿತ್ತು. "ಇಷ್ಟೇನಾ?" ಎಂದು ಕೇಳಿ ನಗೆಪಾಟಲಾಗಿದ್ದೆ. ಸುತ್ತಲಿನ ಬೋರ್‌ವೆಲ್‌ಗಳೆಲ್ಲ ಬತ್ತಿದ ಮೇಲೂ ಆ ಇಷ್ಟೇ ನೀರು ಕಾಲುವೆಗುಂಟ ಹರಿದು ನನ್ನ ಓರಗಿತ್ತಿಯ ಸೇವಂತಿಗೆ ತೋಟವನ್ನು ಸಾಕುತ್ತಿತ್ತು. ಅವರು ಯಜಮಾನರ ಅಣ್ಣನ ಹೆಂಡತಿ; ನಾನೂ ಅತ್ತಿಗೆ ಎಂದೇ ಕರೆಯುವುದು. ಅಣ್ಣ ತೀರಿಕೊಂಡ ಮೇಲೆ ಆ ಹೂವೇ ಅವರ ಜೀವನ.

ಅಲ್ಲೊಂದು ಪದ್ಧತಿ. ವರ್ಷವರ್ಷವೂ ಗುಂಡಿಯ ಹೂಳು ತೆಗೆಯಬೇಕು. ತೆಗೆದವರೇ ಮೊದಲ ಬೊಗಸೆ ನೀರು ಕುಡಿಯಬೇಕು. ಹೀಗೆ ಕೆಸರು ಬಾಚುತ್ತ ಕೂರುವುದು ಯಜಮಾನರ ದೃಷ್ಟಿಯಲ್ಲಿ ವೆರಿ ಇನ್‌ಎಫಿಷಿಯೆಂಟ್. ಅತ್ತಿಗೆ ತಮ್ಮ ಮಗಳ ಬಾಣಂತನಕ್ಕೆಂದು ಶೆಟ್ಟಿಹಳ್ಳಿಗೆ ಹೋಗಿದ್ದರು. ಬರುವಷ್ಟರಲ್ಲಿ ಸರ್‌ಪ್ರೈಸ್ ಕೊಡೋಣವೆಂದು, ಇವರು ಮೋಟರ್ ಇಟ್ಟು ನೀರು ಖಾಲಿ ಮಾಡಿಸಿ, ತಳಕ್ಕೆ ನೀಟಾಗಿ ಸಿಮೆಂಟು ಹಾಕಿಸಿಬಿಟ್ಟರು.

ಅತ್ತಿಗೆ ಬಂದಾಗ ಗುಂಡಿ ಸ್ವಿಮಿಂಗ್ ಪೂಲಿನಂತೆ ಹೊಳೆಯುತ್ತಿತ್ತು. ನೀರೊಂದೇ ಇರಲಿಲ್ಲ. ದಸರಾ ಹತ್ತಿರ; ತೋಟದ ತುಂಬ ಮೊಗ್ಗು, ಗಿಡದ ಬುಡದಲ್ಲಿ ಆಗಲೇ ಬಿರುಕು.

"ಏನಪ್ಪಾ ಇದು, ನೀರ್ ಬರೋ ಬಾಯಿಗೇ ಬಿರಡೆ ಬಡ್ದಿದ್ದೀಯಲ್ಲ?"

"ಲೀಕ್ ಆಗ್ಬಾರ್ದು ಅಂತ, ಅತ್ತಿಗೆ..."

"ಲೀಕ್ ಆಗೋದೇ ಕಣಪ್ಪ ಅದ್ರ ಕೆಲ್ಸ! ನನ್ ಊವು ಬಾಡೋದ್ರೆ ದಸರಕ್ಕೆ ನಿನ್ ಪ್ಯಾಂಟ್ ಮಾರ್ಲಾ?"

ಯಜಮಾನರು ಪ್ಯಾಂಟು ಮಡಿಸಿ, ಹಾರೆ ಹಿಡಿದು ಗುಂಡಿಗಿಳಿದರು. ಬದುವಿನ ಮೇಲೆ ಪ್ರೇಕ್ಷಕರು ಸೇರಿದರು. "ಗಟ್ಟಿ ಕೆಲ್ಸ ಕಣ್ ಸ್ವಾಮಿ, ಒಡ್ಯಾಕೇ ಆಗ್ತಿಲ್ವಲ್ಲ!" ಎಂದು ಪಕ್ಕದ ಹೊಲದ ಮುದುಕಪ್ಪ ಸರ್ಟಿಫಿಕೇಟ್ ಕೊಟ್ಟ. ಅಷ್ಟು ಹೊತ್ತಿಗೆ ಇಡೀ ಊರೇ ನಗುತ್ತಿತ್ತು, ನಾನೂ ಸೇರಿ.

ಸಂಜೆಯ ಹೊತ್ತಿಗೆ ಸಿಮೆಂಟು ದೊಡ್ಡ ಚಪ್ಪಡಿಯಾಗಿ ಎದ್ದಿತು. ಕೆಳಗೆ ಬರೀ ಮರಳು. ಅಲ್ಲಿಯವರೆಗೆ ಬೈಯುತ್ತಲೇ ಇದ್ದ ಅತ್ತಿಗೆ ಗುಂಡಿಯ ಅಂಚಿಗೆ ಬಂದು ಕೂತರು. ಒರತೆ ಸತ್ತೇಹೋಯಿತೇನೋ ಎಂದು ನಾನು ಹೆದರಿದೆ. ಯಜಮಾನರು ಮಂಡಿಯೂರಿ ಎರಡೂ ಕೈಯಲ್ಲಿ ಮರಳು ಬಾಚಿದರು, ಬಾಚುತ್ತಲೇ ಹೋದರು. ಆಮೇಲೆ ಅವರ ಬೆರಳ ಸಂದಿಯಲ್ಲಿ ಮರಳು ಕಪ್ಪಾಯಿತು, ಒದ್ದೆಯಾಯಿತು, ಸಣ್ಣಗೆ ಉಕ್ಕತೊಡಗಿತು.

ಅತ್ತಿಗೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಊಂ, ಕುಡಿ."

ಮನೆಯಲ್ಲಿ ಫಿಲ್ಟರ್ ನೀರನ್ನೂ ಕುದಿಸಿ ಕುಡಿಯುವ ಮನುಷ್ಯ ನನ್ನ ಕಡೆ ದೀನರಾಗಿ ನೋಡಿದರು. "ಸ್ವಲ್ಪ ಸೋಸಿದ್ರೆ..."

"ಬಾಟಮ್ಸ್ ಅಪ್, ಡಿಯರ್," ಎಂದೆ.

ಕಣ್ಣು ಮುಚ್ಚಿ ಕುಡಿದರು. ಮೀಸೆಯ ತುಂಬ ಕೆಸರು. ನೀರು ಕಾಲುವೆಗೆ ಹತ್ತಲು ಮರುದಿನವಾಯಿತು; ದಸರಾಕ್ಕೆ ಹೂವು ಯಲಹಂಕದ ಮಾರ್ಕೆಟ್ಟಿಗೆ ಹೋಯಿತು, ನನ್ನ ಮುಡಿಗೂ ಒಂದು ಮೊಳ ಬಂತು.

ಆ ಸಿಮೆಂಟು ಚಪ್ಪಡಿ ಈಗ ಕಾಲುವೆಯ ಪಕ್ಕದಲ್ಲಿ ಅತ್ತಿಗೆಯ ಒಗೆಯುವ ಕಲ್ಲು. ಹೋದಾಗಲೆಲ್ಲ ಯಜಮಾನರು ಅದನ್ನು ಕಾಲಿನಿಂದ ಅಲುಗಿಸಿ ನೋಡಿ, "ಗಟ್ಟಿ ಇದೆ ಅಲ್ವಾ, ಅತ್ತಿಗೆ?" ಎಂದು ಕೇಳುತ್ತಾರೆ. ಅತ್ತಿಗೆ ಇವರದೇ ಪ್ಯಾಂಟನ್ನು ಅದರ ಮೇಲೆ ಇನ್ನಷ್ಟು ಜೋರಾಗಿ ಕುಕ್ಕುತ್ತಾರೆ.